ಪೊಲೀಸರ ಸ್ಥೈರ್ಯ ಅಷ್ಟು ಬಡಕಲೇ?

ಮತ್ತೆ ಅದೇ ರಾಗ. ಪೊಲೀಸರ ಮೇಲಿನ ದೂರನ್ನು ಪೊಲೀಸರಲ್ಲದವರು ವಿಚಾರಿಸಬೇಕು, ಅದಕ್ಕೊಂದು ಸ್ವತಂತ್ರ ಪ್ರಾಧಿಕಾರ ಬೇಕು, ಆ ಪ್ರಾಧಿಕಾರಕ್ಕೆ ಹಲ್ಲೂ ಇರಬೇಕು ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಿವೃತ್ತ ಅಧಿಕಾರಿಗಳು ಟಿವಿ ಚರ್ಚೆಗೆ ಬಂದು ಕೂತು ‘ಇಲಾಖೆಯ ನೈತಿಕ ಸ್ಥೈರ್ಯ ಕುಸಿಯುತ್ತದೆ’ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಗೃಹ ಖಾತೆ ಹೊತ್ತವರು, ಪಕ್ಷ ಯಾವುದೇ ಇರಲಿ, ಹೌದೌದೆಂದು ತಲೆಯಾಡಿಸುತ್ತಾರೆ. ಹೊರಗಿನವರು ಠಾಣೆಯೊಳಗೆ ಇಣುಕಬಾರದು, ಇಲಾಖಾ ವಿಚಾರಣೆ ಇದ್ದೇ ಇದೆ, ರೌಡಿಗಳೆಲ್ಲ ದೂರು ಕೊಡತೊಡಗಿದರೆ ಕೆಲಸ ಮಾಡುವುದು ಹೇಗೆ? ಇಷ್ಟು ಹೇಳಿದರೆ ಚರ್ಚೆ ಮುಗಿಯಿತು, ಜಾಹೀರಾತು ಬಂತು.

ಇದು ಎಂಥ ಸ್ಥೈರ್ಯ ಸ್ವಾಮಿ? ಗಣೇಶ ವಿಸರ್ಜನೆಯ ಬಂದೋಬಸ್ತಿನಲ್ಲಿ ಇಡೀ ರಾತ್ರಿ ನಿಂತರೂ ಅದು ಕುಸಿಯುವುದಿಲ್ಲ. ಕೊಲೆಗಡುಕರ ಮಚ್ಚಿನ ಮುಂದೆ ಕುಸಿಯುವುದಿಲ್ಲ. ಒಬ್ಬ ನಿವೃತ್ತ ನ್ಯಾಯಾಧೀಶರು ಕಡತ ಬಿಡಿಸಿ ‘ಈ ಹುಡುಗನ ಕೈ ಮುರಿದದ್ದು ಹೇಗೆ’ ಎಂದು ಕೇಳಿದರೆ ಮಾತ್ರ ಕುಸಿದುಬೀಳುತ್ತದಂತೆ.

2025ರ ಏಪ್ರಿಲ್‌ನಲ್ಲಿ ಬೆಳಗಾವಿಯ ವೇದಿಕೆಯ ಮೇಲೆ, ಕ್ಯಾಮೆರಾಗಳ ಎದುರೇ, ಮುಖ್ಯಮಂತ್ರಿ ಸಿದ್ದರಾಮಯ್ಯ ಧಾರವಾಡದ ಎಎಸ್‌ಪಿಯತ್ತ ಕೈ ಎತ್ತಿದರು. ಆ ಅಧಿಕಾರಿ ಸ್ವಯಂನಿವೃತ್ತಿ ಕೋರಿ ಪತ್ರ ಬರೆದರು. ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಮರುದಿನವೇ ಬೆಂಗಳೂರಿನ ಪೊಲೀಸ್ ಕಮಿಷನರ್ ಅಮಾನತು. ಯಾವ ವಿಚಾರಣೆಯೂ ಮುಗಿದಿರಲಿಲ್ಲ, ಯಾರಿಂದ ಏನು ತಪ್ಪಾಯಿತು ಎಂದು ಯಾವ ಸ್ವತಂತ್ರ ಸಂಸ್ಥೆಯೂ ಹೇಳಿರಲಿಲ್ಲ. ಅಧಿಕಾರದಲ್ಲಿರುವವರು ಪೊಲೀಸರನ್ನು ಹೀಗೆ ನಡೆಸಿಕೊಂಡರೆ ಸ್ಥೈರ್ಯ ಕುಸಿಯುವುದಿಲ್ಲ, ಅದು ‘ಆಡಳಿತಾತ್ಮಕ ಕ್ರಮ’. ಲಾಠಿ ಏಟು ತಿಂದವನು ಅರ್ಜಿ ಹಿಡಿದು ಬಂದರೆ ಇಡೀ ಇಲಾಖೆಯ ಮರ್ಯಾದೆಯೇ ಹೋಗುತ್ತದೆ!

ಒಂದು ಸಂಖ್ಯೆ ಹೇಳುತ್ತೇನೆ, ಅದನ್ನು ಬಿಟ್ಟು ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ: 26. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಸರ್ಕಾರದ್ದೇ ಕಚೇರಿ, ವರ್ಷ ವರ್ಷ ಪ್ರಕಟಿಸಿದ ಅಂಕಿಗಳನ್ನು ಕೂಡಿಸಿದರೆ 2001ರಿಂದ 2020ರವರೆಗೆ ದೇಶದಲ್ಲಿ ಪೊಲೀಸ್ ಕಸ್ಟಡಿ ಸಾವುಗಳು 1,888. ಪೊಲೀಸರ ಮೇಲೆ ದಾಖಲಾದ ಪ್ರಕರಣ 893. ಆರೋಪಪಟ್ಟಿ ಸಲ್ಲಿಕೆಯಾದದ್ದು 358 ಪೊಲೀಸರ ಮೇಲೆ. ಶಿಕ್ಷೆಯಾದದ್ದು 26 ಜನರಿಗೆ. ಇಪ್ಪತ್ತು ವರ್ಷ, 26 ಜನ. ಇಷ್ಟು ದೊಡ್ಡ ದೇಶದಲ್ಲಿ ವರ್ಷಕ್ಕೆ ಒಂದೂಕಾಲು ಪೊಲೀಸ್. ಸತ್ತವರೆಲ್ಲ ಏಟು ತಿಂದೇ ಸತ್ತವರಲ್ಲ, ಕಾಯಿಲೆಯವರಿದ್ದರು, ನೇಣು ಹಾಕಿಕೊಂಡವರಿದ್ದರು ಎನ್ನುತ್ತೀರಿ. ಆಯಿತು, ಅರ್ಧಕ್ಕರ್ಧ ಹೊಡೆದುಹಾಕಿ. ಇನ್ನೂ ಬೇಕಿದ್ದರೆ ಮುಕ್ಕಾಲು ಪಾಲು ತೆಗೆಯಿರಿ. 26 ಎಂಬುದು ಆಗಲೂ 26ಆಗಿಯೇ ಉಳಿಯುತ್ತದೆ. ಕಳ್ಳತನದ ಕೇಸಿನಲ್ಲಿ ಇಂಥ ಫಲಿತಾಂಶ ಕೊಟ್ಟ ಇನ್‌ಸ್ಪೆಕ್ಟರಿಗೆ ಕ್ರೈಂ ಮೀಟಿಂಗಿನಲ್ಲಿ ಎಸ್‌ಪಿ ಏನೇನು ಹೇಳುತ್ತಾರೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಲಾಖೆಯಲ್ಲೇ ವಿಚಾರಣೆ ಇದೆಯಲ್ಲ ಎನ್ನುವವರು ಆ ವಿಚಾರಣೆಯ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು. ಹಳ್ಳಿಯವನೊಬ್ಬ ಠಾಣೆಯ ಪಿಎಸ್‌ಐ ಮೇಲೆ ಎಸ್‌ಪಿ ಕಚೇರಿಯ ಟಪಾಲಿಗೆ ಅರ್ಜಿ ಹಾಕುತ್ತಾನೆ. ಅದು ಡಿವೈಎಸ್‌ಪಿ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಸರ್ಕಲ್‌ಗೆ. ಸರ್ಕಲ್‌ನಿಂದ ‘ಪರಿಶೀಲಿಸಿ ವರದಿ ಸಲ್ಲಿಸುವುದು’ ಎಂಬ ಷರಾ ಹೊತ್ತು ಎಲ್ಲಿಗೆ? ಅದೇ ಠಾಣೆಗೆ. ಸೊಸೆ ಹೊತ್ತು ತಂದ ದೂರನ್ನು ‘ನೀವೇ ವಿಚಾರಿಸಿ ತಾಯಿ’ ಎಂದು ಅತ್ತೆಯ ಕೈಗೆ ಕೊಟ್ಟ ಹಾಗೆ. ಆಮೇಲೆ ಹೇಳಿಕೆ ಕೊಡಲು ಅರ್ಜಿದಾರನಿಗೆ ಠಾಣೆಯಿಂದಲೇ ಫೋನು ಬರುತ್ತದೆ. ತನಗೆ ಹೊಡೆದವರ ಮೇಜಿನ ಮುಂದೆ ನಿಂತು, ಹೊಡೆದದ್ದು ಹೀಗೆ ಎಂದು ಅವನು ವಿವರಿಸಬೇಕು, ರೈಟರ್ ಬರೆದುಕೊಳ್ಳಬೇಕು. ಕೊನೆಗೊಂದು ಹಿಂಬರಹ: ದೂರಿನಲ್ಲಿ ಹುರುಳಿಲ್ಲ, ಅರ್ಜಿ ಮುಕ್ತಾಯಗೊಳಿಸಲಾಗಿದೆ. ಅಷ್ಟಕ್ಕೇ ಮುಗಿದರೆ ಅವನ ಪುಣ್ಯ. ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪದ ಕೌಂಟರ್ ಕೇಸು ಬಿದ್ದರೆ, ರೌಡಿಶೀಟ್ ತೆರೆಯುವ ಮಾತು ಬಂದರೆ, ಅವನ ಸ್ಥೈರ್ಯದ ಬಗ್ಗೆ ಯಾವ ಟಿವಿಯಲ್ಲಿ ಚರ್ಚೆಯಾಗುತ್ತದೆ?

ಸುಳ್ಳು ದೂರುಗಳ ಭಯವಂತೆ. ಸುಳ್ಳು ಕೇಸು ಎಂದರೇನೆಂದು ಈ ನಾಡಿನ ಬಡವರಿಗೆ ಪೊಲೀಸರು ಹೇಳಿಕೊಡಬೇಕಾಗಿಲ್ಲ.

ಗೋಣಿಬೀಡು ನೆನಪಿದೆಯೇ? 2021ರ ಮೇ, ಚಿಕ್ಕಮಗಳೂರು ಜಿಲ್ಲೆ. ಠಾಣೆಯಲ್ಲಿ ಕಟ್ಟಿಹಾಕಿ ಹೊಡೆದರು, ನೀರು ಕೇಳಿದಾಗ ಮೂತ್ರ ನೆಕ್ಕಿಸಿದರು ಎಂದು ದಲಿತ ಯುವಕನೊಬ್ಬ ಆರೋಪಿಸಿದ. ಅವನ ದೂರು ಸುದ್ದಿಯಾಗಿ ರಾಜ್ಯವೇ ಛೀಮಾರಿ ಹಾಕಿದ ಮೇಲೆ ಪಿಎಸ್‌ಐ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು, ಬಂಧನವೂ ಆಯಿತು. ವ್ಯವಸ್ಥೆ ಕೆಲಸ ಮಾಡಿತಲ್ಲ ಎಂದು ಬೆನ್ನು ತಟ್ಟಿಕೊಳ್ಳುವವರಿಗೆ ನನ್ನ ಪ್ರಶ್ನೆ ಇಷ್ಟೇ: ಸುದ್ದಿಯಾಗದೆ ಹೋದ ಅರ್ಜಿಗಳ ಗತಿ? ಪತ್ರಕರ್ತರ ಕಣ್ಣಿಗೆ ಬಿದ್ದರೆ ನ್ಯಾಯ, ಬೀಳದಿದ್ದರೆ ಹಿಂಬರಹ. ಇದಕ್ಕೆ ವ್ಯವಸ್ಥೆ ಎನ್ನುವುದಿಲ್ಲ, ಲಾಟರಿ ಎನ್ನುತ್ತಾರೆ.

ಅಷ್ಟಕ್ಕೂ ನಾವು ಆಕಾಶದ ಚಂದಿರನನ್ನು ಕೇಳುತ್ತಿಲ್ಲ. ಪೊಲೀಸ್ ದೂರು ಪ್ರಾಧಿಕಾರ ರಚಿಸಿ ಎಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆದೇಶಿಸಿದ್ದು 2006ರ ಸೆಪ್ಟೆಂಬರ್ 22ರಂದು, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ. ಈ ಪ್ರಕಾಶ್ ಸಿಂಗ್ ಯಾರೋ ಜೋಳಿಗೆ ಹಾಕಿಕೊಂಡ ‘ನಗರ ನಕ್ಸಲ’ ಅಲ್ಲ. ಉತ್ತರ ಪ್ರದೇಶದ ಡಿಜಿಪಿ ಆಗಿದ್ದವರು, ಗಡಿ ಭದ್ರತಾ ಪಡೆಯ ಮುಖ್ಯಸ್ಥರಾಗಿದ್ದವರು. ಡಿವೈಎಸ್‌ಪಿ ದರ್ಜೆಯವರೆಗಿನ ದೂರುಗಳಿಗೆ ಜಿಲ್ಲಾ ಪ್ರಾಧಿಕಾರ, ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರು. ಎಸ್‌ಪಿ ಮತ್ತು ಮೇಲ್ಪಟ್ಟವರಿಗೆ ರಾಜ್ಯ ಪ್ರಾಧಿಕಾರ, ಅದಕ್ಕೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಪ್ರಾಧಿಕಾರದ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಎಂದೂ ಕೋರ್ಟು ಹೇಳಿತು.

ನಾವೇನು ಮಾಡಿದೆವು? ಆರು ವರ್ಷ ಎಳೆದಾಡಿ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದೆವು. ಪ್ರಾಧಿಕಾರದ ಹೆಸರು ಬಂತು, ಜಿಲ್ಲೆಗಳಿಗೆ ನ್ಯಾಯಾಧೀಶರು ಬರಲಿಲ್ಲ. ಜಿಲ್ಲಾ ಮಟ್ಟದಲ್ಲಿ ಮುಖ್ಯಸ್ಥರ ಕುರ್ಚಿ ಸಿಕ್ಕಿದ್ದು ಹಾಲಿ ಆಡಳಿತಾಧಿಕಾರಿಗೆ. ಗಲಭೆಯಾದರೆ ಎಸ್‌ಪಿ ಪಕ್ಕದಲ್ಲೇ ಕೂತು ಶಾಂತಿ ಸಭೆ ನಡೆಸುವ ಆಡಳಿತ, ಮಂತ್ರಿ ಬಂದರೆ ಎಸ್‌ಪಿ ಜೊತೆಯಲ್ಲೇ ಹಾರ ಹಿಡಿದು ನಿಲ್ಲುವ ಆಡಳಿತ, ಅದೇ ಎಸ್‌ಪಿಯ ಕೈಕೆಳಗಿನವರ ಮೇಲಿನ ದೂರನ್ನು ‘ಸ್ವತಂತ್ರವಾಗಿ’ ವಿಚಾರಿಸಬೇಕಂತೆ. ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಲು ಇಷ್ಟು ಸಾಕು. ಪಿರ್ಯಾದುದಾರನಿಗೆ ಸಾಲದು.

ಮಾನವ ಹಕ್ಕುಗಳ ಆಯೋಗ ಇದೆಯಲ್ಲ ಎಂದರೆ, ಅದು ಶಿಫಾರಸು ಮಾಡುತ್ತದೆ, ಅಷ್ಟೇ. ಕೋರ್ಟಿಗೆ ಹೋಗಲಿ ಎನ್ನುವವರು ನಮ್ಮ ಪೊಲೀಸ್ ಕಾಯ್ದೆಯ 170ನೇ ಕಲಂ ತೆರೆದು ಓದಲಿ. ಕರ್ತವ್ಯದ ನೆಪದಲ್ಲಿ ಮಾಡಿದ್ದಕ್ಕೆ ಮಾತ್ರವಲ್ಲ, ಕರ್ತವ್ಯ ಮೀರಿ ಮಾಡಿದ್ದಕ್ಕೂ ಸರ್ಕಾರದ ಮಂಜೂರಾತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಮೀರುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ರಕ್ಷಣೆ ಕೊಟ್ಟ ಕಾನೂನು ಇದು!

ತನ್ನನ್ನು ತಾನೇ ವಿಚಾರಿಸಿಕೊಳ್ಳುವ ಆಟ ಕರ್ನಾಟಕಕ್ಕೆ ಹೊಸದಲ್ಲ. 2016ರಲ್ಲಿ ಲೋಕಾಯುಕ್ತದ ಪೊಲೀಸ್ ಅಧಿಕಾರ ಕಿತ್ತು ಎಸಿಬಿ ಕಟ್ಟಿದರು. ಸರ್ಕಾರಿ ನೌಕರರ ಲಂಚ ಹಿಡಿಯುವ ಸಂಸ್ಥೆ ಸರ್ಕಾರದ ಮುಷ್ಟಿಯಲ್ಲೇ. ಕೊನೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಬೇಕಾಯಿತು. ಅದೇ ವರ್ಷ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಆರೋಪ ಸಾಬೀತಾಗುವುದು ಬಿಡುವುದು ಕೋರ್ಟಿನ ಕೆಲಸ. ಆದರೆ ಪಿಎಸ್‌ಐ ಹುದ್ದೆಗೆ ಲಕ್ಷಾಂತರ ಸುರಿಯಬೇಕು, ಒಳ್ಳೆಯ ಠಾಣೆಯ ಪೋಸ್ಟಿಂಗಿಗೆ ಇನ್ನಷ್ಟು ಸುರಿಯಬೇಕು ಎಂದು ಇಡೀ ರಾಜ್ಯ ನಂಬಿಕೊಂಡಿದೆಯಲ್ಲ, ಆ ನಂಬಿಕೆಯನ್ನು ಸುಳ್ಳು ಮಾಡಲು ಯಾವ ಸರ್ಕಾರ ಬೆವರು ಸುರಿಸಿದೆ? ಶಾಸಕರ ಪತ್ರವಿಲ್ಲದೆ ಒಬ್ಬ ಇನ್‌ಸ್ಪೆಕ್ಟರ್ ಠಾಣೆಗೆ ಬರುವ ಹಾಗಿಲ್ಲ, ಬಂದ ಮೇಲೆ ಶಾಸಕರ ಮಾತು ಮೀರುವ ಹಾಗಿಲ್ಲ. ಪೊಲೀಸರ ಮೇಲೆ ನಿಜವಾದ ನಿಗಾ ಸಂಸ್ಥೆಯನ್ನು ಇವರೇಕೆ ಕಟ್ಟಬೇಕು? ಠಾಣೆಯ ಗುಟ್ಟು ಹೊರಬಿದ್ದರೆ ಪ್ರವಾಸಿ ಮಂದಿರದ ಗುಟ್ಟೂ ಬೀಳುತ್ತದಲ್ಲ!

ಕಾನ್‌ಸ್ಟೆಬಲ್‌ಗಳ ಪರ ನಿಂತವರಂತೆ ಮಾತಾಡುವುದನ್ನಂತೂ ಇವರು ಮೊದಲು ಬಿಡಲಿ. 2016ರಲ್ಲಿ ವೇತನ, ರಜೆ, ಕಿರುಕುಳದ ಬಗ್ಗೆ ಕೆಳಹಂತದ ಪೊಲೀಸರು ಸಾಮೂಹಿಕ ರಜೆಯ ಮಾತೆತ್ತಿದಾಗ ಮುಂದಾಳಿನ ಮೇಲೆ ರಾಜದ್ರೋಹದ ಕೇಸು ಜಡಿದವರು ಇವರೇ. ಅದೇ ವರ್ಷ ಮಡಿಕೇರಿಯ ಲಾಡ್ಜಿನಲ್ಲಿ ಡಿವೈಎಸ್‌ಪಿಯೊಬ್ಬರು ಶವವಾಗಿ ಸಿಕ್ಕರು. ಸಾಯುವ ಮುನ್ನ ಟಿವಿ ವಾಹಿನಿಯ ಮುಂದೆ ಅವರು ದೂರಿದ್ದು ಒಬ್ಬ ಮಂತ್ರಿ ಮತ್ತು ಇಬ್ಬರು ಹಿರಿಯ ಅಧಿಕಾರಿಗಳ ಮೇಲೆ. ಸಿಐಡಿ ತನಿಖೆ ಮಾಡಿ ಏನೂ ಇಲ್ಲ ಎಂದಿತು. ಆ ಪೊಲೀಸ್ ಅಧಿಕಾರಿಯ ಮನೆಯವರು ಅದನ್ನು ಒಪ್ಪಿದರೇ? ರಾಜ್ಯದ ಪೊಲೀಸರ ತನಿಖೆಯಲ್ಲಿ ನಂಬಿಕೆಯಿಲ್ಲ ಎಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ ಸಿಬಿಐ ತನಿಖೆ ಪಡೆದುಕೊಂಡರು. ಆ ತನಿಖೆಯ ಫಲ ಏನೆಂಬುದು ಬೇರೆ ಮಾತು. ಖಾಕಿ ತೊಟ್ಟವರ ಮನೆಯೂ ಖಾಕಿಯ ತನಿಖೆಯನ್ನು ನಂಬಲಿಲ್ಲ. ಕೂಲಿಯವನ ಹೆಂಡತಿ ನಂಬಬೇಕು, ನಂಬಿ ಸುಮ್ಮನಿರಬೇಕು.

ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ 2020ರ ಜೂನ್‌ನಲ್ಲಿ ತಂದೆ ಮಗ ಇಬ್ಬರೂ ಕಸ್ಟಡಿಯಲ್ಲಿ ಜೀವ ಬಿಟ್ಟಾಗ, ಹೈಕೋರ್ಟ್ ನಿರ್ದೇಶನದಂತೆ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರನ್ನೇ ಠಾಣೆಯವರು ಹೀಯಾಳಿಸಿ ಬೆದರಿಸಲು ನೋಡಿದ್ದರು. ಠಾಣೆಯನ್ನು ಕಂದಾಯ ಅಧಿಕಾರಿಗಳ ಸುಪರ್ದಿಗೆ ಕೊಡಬೇಕಾಗಿ ಬಂತು. ಅಂದು ರಾತ್ರಿ ಒಳಗೆ ಏನು ನಡೆಯಿತೆಂದು ಧೈರ್ಯವಾಗಿ ಹೇಳಿದವರು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್. ನನ್ನ ಮಟ್ಟಿಗೆ ಸ್ಥೈರ್ಯ ಎಂದರೆ ಅದು. ಆಕೆಯಂಥವರು ಹೋಗಿ ಹೇಳಿಕೊಳ್ಳಲು ನಮ್ಮಲ್ಲಿ ಒಂದು ಬಾಗಿಲಾದರೂ ಇದೆಯೇ?

ನಮ್ಮ ಪೊಲೀಸರ ಪರಿಸ್ಥಿತಿ ಕಷ್ಟದ್ದು, ಇದೆಲ್ಲ ವಿದೇಶಕ್ಕೆ ಸರಿ ಎಂಬ ಕೊನೆಯ ಅಸ್ತ್ರವೂ ಇದೆ. ವಿದೇಶವನ್ನೇ ನೋಡೋಣ. ಉತ್ತರ ಐರ್ಲೆಂಡ್‌ನಲ್ಲಿ ಮೂವತ್ತು ವರ್ಷಗಳ ಹಿಂಸೆಯಲ್ಲಿ ಸುಮಾರು 300 ಪೊಲೀಸರು ಹತರಾದರು. ಅಂಥ ಜಾಗದಲ್ಲಿ 2000ದಲ್ಲಿ ಸ್ವಂತ ತನಿಖಾಧಿಕಾರಿಗಳಿರುವ ಪೊಲೀಸ್ ಒಂಬುಡ್ಸ್‌ಮನ್ ಕಚೇರಿ ತೆರೆದರು. ಮರುವರ್ಷವೇ ಅದು ಓಮಾ ಬಾಂಬ್ ಸ್ಫೋಟದ ತನಿಖೆಯಲ್ಲಿ ಪೊಲೀಸರ ವೈಫಲ್ಯವನ್ನು ಬಯಲಿಗೆಳೆಯಿತು. ಮೇಲಧಿಕಾರಿಗಳು ಕೆಂಡವಾದರು, ನಿಜ. ಪೊಲೀಸ್ ಪಡೆ ಕುಸಿಯಲಿಲ್ಲ. ನಮ್ಮವರ ಸ್ಥೈರ್ಯ ಮಾತ್ರ ಅರ್ಜಿಯ ಗಾಳಿಗೇ ಹಾರಿಹೋಗುತ್ತದೆ ಎಂದು ಅವರ ಹಿರಿಯರೇ ಹೇಳುತ್ತಿದ್ದರೆ, ಕೆಳಗಿನವರು ಮಾನನಷ್ಟ ಮೊಕದ್ದಮೆ ಹೂಡಬೇಕಾದದ್ದು ಆ ಹಿರಿಯರ ಮೇಲೆ.

ನಂಬಲು ಯಾರೂ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು 2024ರ ಮೇ ತಿಂಗಳಲ್ಲಿ ಚನ್ನಗಿರಿ ತೋರಿಸಿದೆ. ವಶಕ್ಕೆ ಪಡೆದಿದ್ದ ವ್ಯಕ್ತಿ ಸತ್ತ. ಲಾಕಪ್ ಡೆತ್ ಎಂದರು ಜನ, ಅಲ್ಲ ಎಂದಿತು ಸರ್ಕಾರ. ಯಾರದು ನಿಜ ಎಂದು ಹೇಳಬಲ್ಲ ಮೂರನೆಯವರು ಸ್ಥಳದಲ್ಲಿ ಇರಲಿಲ್ಲ. ಗುಂಪು ಠಾಣೆಗೆ ನುಗ್ಗಿತು, ವಾಹನಗಳು ಉರುಳಿದವು, ಗಾಯಗೊಂಡವರು ಪೊಲೀಸರು. ಡಿವೈಎಸ್‌ಪಿ, ಇನ್‌ಸ್ಪೆಕ್ಟರ್ ಅಮಾನತಾದರು. ಕಲ್ಲು ತೂರಿದವರಿಗೆ ನನ್ನ ಸಮರ್ಥನೆಯಿಲ್ಲ. ಆದರೆ ಆ ಕಲ್ಲೇಟು ತಿಂದ ಕಾನ್‌ಸ್ಟೆಬಲ್‌ಗಳು ಬೀದಿಯಲ್ಲಿ ತೆತ್ತದ್ದು ವಿಧಾನಸೌಧದ ಸೋಮಾರಿತನದ ಬೆಲೆಯನ್ನು.

ಹಾಗಾಗಿ ಗೃಹ ಸಚಿವರೇ, ಹೊಸ ಸಮಿತಿ ಬೇಡ. ಜಿಲ್ಲಾ ಪ್ರಾಧಿಕಾರದ ಕುರ್ಚಿಯಿಂದ ಹಾಲಿ ಅಧಿಕಾರಿಯನ್ನು ಎಬ್ಬಿಸಿ, ಸುಪ್ರೀಂ ಕೋರ್ಟ್ ಹೇಳಿದ ನಿವೃತ್ತ ನ್ಯಾಯಾಧೀಶರನ್ನು ಕೂರಿಸಿ. ಅವರಿಗೆ ಸ್ವಂತ ತನಿಖಾ ಸಿಬ್ಬಂದಿ ಕೊಡಿ, ಸ್ವಂತ ಅನುದಾನ ಕೊಡಿ. ಅರ್ಜಿದಾರನನ್ನು ಹೇಳಿಕೆಗಾಗಿ ಅದೇ ಠಾಣೆಗೆ ಕರೆಸುವುದನ್ನು ಸುತ್ತೋಲೆ ಹೊರಡಿಸಿ ನಿಲ್ಲಿಸಿ, ಅದಕ್ಕೆ ವಿಧಾನಮಂಡಲದ ಒಪ್ಪಿಗೆಯೂ ಬೇಕಿಲ್ಲ. ಪ್ರಾಧಿಕಾರಕ್ಕೆ ಈವರೆಗೆ ಬಂದ ದೂರುಗಳೆಷ್ಟು, ಕ್ರಮವಾದದ್ದು ಎಷ್ಟರಲ್ಲಿ, ಯಾವ ಜಿಲ್ಲೆಯಲ್ಲಿ ಎಷ್ಟು ಎಂಬ ಪಟ್ಟಿಯನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಿ. ಸ್ಥೈರ್ಯದ ವಿಷಯ ಆ ಪಟ್ಟಿ ಓದಿದ ಮೇಲೆ ಮಾತಾಡೋಣ.