ಬಾಧಿತರಾಗುವವರ ಮಾಹಿತಿಗಾಗಿ

ಕಾರ್ಮಿಕ ಇಲಾಖೆ ಹೊರಡಿಸುವ ಕರಡು ಅಧಿಸೂಚನೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಇದರಿಂದ ಬಾಧಿತರಾಗುವ ಸಂಭವವಿರುವವರ ಮಾಹಿತಿಗಾಗಿ ಇದನ್ನು ಪ್ರಕಟಿಸಲಾಗಿದೆ, ಆಕ್ಷೇಪಣೆ ಅಥವಾ ಸಲಹೆಗಳಿದ್ದವರು ಇಂತಿಷ್ಟು ದಿನಗಳೊಳಗೆ ಬರೆದು ಕಳುಹಿಸಬೇಕು ಎಂಬುದು ಅದರ ಸಾರ. ಈ ಬಾಧಿತರು ಯಾರು? ಬೂಕನಕೆರೆ ಹೋಬಳಿಯ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗಿನ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನು, ಕೆ.ಆರ್. ಪೇಟೆಯ ಹೋಟೆಲಿನಲ್ಲಿ ನಸುಕಿನಿಂದ ತಟ್ಟೆ ತೊಳೆಯುವವನು, ಪಾಂಡವಪುರದ ಗ್ಯಾರೇಜಿನಲ್ಲಿ ಲಾರಿಯ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುವ ಯುವಕ, ನಾಗಮಂಗಲದ ಟೈಲರ್ ಅಂಗಡಿಗೆ ಮನೆಯಿಂದಲೇ ಕಾಜಾ ಹೊಲಿದುಕೊಡುವ ತಾಯಿ. ಇವರಲ್ಲಿ ಎಷ್ಟು ಮಂದಿ ರಾಜ್ಯಪತ್ರವನ್ನು ಕಣ್ಣಿಂದ ಕಂಡಿದ್ದಾರೆ? ಯಾರ ಮಾಹಿತಿಗಾಗಿ ಎಂದು ಬರೆಯಲಾಗಿದೆಯೋ ಅವರಿಗೇ ತಲುಪದ ಪ್ರಕಟಣೆಯನ್ನು ಪ್ರಕಟಣೆ ಎಂದು ಕರೆಯಲು ನಾವು ಸಿದ್ಧರಿಲ್ಲ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರವು 81 ಅನುಸೂಚಿತ ಉದ್ದಿಮೆಗಳ ಕನಿಷ್ಠ ವೇತನವನ್ನು ಪರಿಷ್ಕರಿಸುವ ಕರಡನ್ನು ಪ್ರಕಟಿಸಿತು. ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿ, ಮೊದಲನೆಯ ವಲಯದ ಅಕುಶಲ ಕಾರ್ಮಿಕನಿಗೆ ತಿಂಗಳಿಗೆ ಸುಮಾರು 23,376 ರೂಪಾಯಿ, ಮೂರನೆಯ ವಲಯದವನಿಗೆ ಸುಮಾರು 19,319 ರೂಪಾಯಿ ಎಂದು ಅದರಲ್ಲಿ ಪ್ರಸ್ತಾಪಿಸಲಾಗಿತ್ತು. 1948ರ ಕನಿಷ್ಠ ವೇತನ ಕಾಯ್ದೆಯ 5ನೆಯ ಕಲಮಿನಂತೆ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳ ಅವಕಾಶ ಕೊಡಲೇಬೇಕಿತ್ತು. ಆ ಎರಡು ತಿಂಗಳಲ್ಲಿ ಏನು ನಡೆಯಿತು? ಮಾಲೀಕರ ಸಂಘಟನೆಗಳು ತಡಮಾಡದೆ ಸಭೆ ಸೇರಿದವು, ಪತ್ರಿಕೆಗಳಿಗೆ ಹೇಳಿಕೆ ಕೊಟ್ಟವು, ಈ ವೇತನ ಕೊಟ್ಟರೆ ಸಣ್ಣ ಕೈಗಾರಿಕೆಗಳು ಬಾಗಿಲು ಹಾಕಬೇಕಾಗುತ್ತದೆ ಎಂದು ವಾದಿಸಿದವು. ಅದು ಅವರ ಹಕ್ಕು, ಅದನ್ನು ನಾವು ದೂರುವುದಿಲ್ಲ. ಬೆಂಗಳೂರಿನ ಕಾರ್ಮಿಕ ಸಂಘಗಳೂ ತಮ್ಮ ಮಾತನ್ನು ಹೇಳಿದವು. ಆದರೆ ಸಂಘವೂ ಇಲ್ಲದ, ವಕೀಲನೂ ಇಲ್ಲದ, ಸಂಬಳದ ಚೀಟಿಯನ್ನೇ ಕಾಣದ ನಮ್ಮ ಹೋಬಳಿಯ ಕೆಲಸಗಾರನ ಪರವಾಗಿ ಮಾತನಾಡುವವರು ಯಾರಿದ್ದರು? ಜಮಾಅತ್‌ಗಳಿದ್ದವು. ಅವು ಆ ಎರಡು ತಿಂಗಳನ್ನು ಬೇರೆ ಕೆಲಸಗಳಲ್ಲಿ ಕಳೆದವು.

ಇಲ್ಲಿ ಒಂದು ಆಕ್ಷೇಪ ಎದ್ದು ಬರುತ್ತದೆ. ದೀನಿನ ಮನೆಯಲ್ಲಿ ದುನಿಯಾದ ಕಾಗದವೇಕೆ, ಮಿಂಬರ್ ಇರುವುದು ನಮಾಝ್, ಉಪವಾಸ, ಝಕಾತ್‌ಗಳ ಬೋಧನೆಗಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹಾಗೆ ಕೇಳುವವರಲ್ಲಿ ಹಲವರು ಆಲಿಮರು. ಅವರಿಗೆ ನಮ್ಮ ಮರುಪ್ರಶ್ನೆಯೊಂದಿದೆ: ಮದ್ರಸದಲ್ಲಿ ಹಿದಾಯಾ ಓದುವಾಗ ಇಜಾರಾ ಅಧ್ಯಾಯವನ್ನು ಬಿಟ್ಟು ಓದಿದಿರಾ? ಕೂಲಿಯ ಮೊತ್ತ ಮೊದಲೇ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಆ ಒಪ್ಪಂದ ಕೆಟ್ಟ ಒಪ್ಪಂದ, ಆಗ ಅಂಥ ಕೆಲಸಕ್ಕೆ ವಾಡಿಕೆಯಲ್ಲಿರುವ ನ್ಯಾಯವಾದ ಕೂಲಿಯನ್ನು ಕೊಡಬೇಕಾಗುತ್ತದೆ ಎಂಬ ಹನಫೀ ಫಿಖ್ಹಿನ ಪಾಠವನ್ನು ನಾವೆಲ್ಲರೂ ಬಾಯಿಪಾಠ ಮಾಡಿಯೇ ಹೊರಬಂದಿದ್ದೇವೆ. ಬೆವರು ಮತ್ತು ಕೂಲಿಯ ಕುರಿತ ಇಬ್ನುಮಾಜಾದ ಹದೀಸನ್ನು ಕೇಳದ ಮುಸ್ಲಿಮನಿಲ್ಲ. ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಪುನರುತ್ಥಾನದ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಇಷ್ಟನ್ನೂ ದೀನ್ ಎಂದು ಒಪ್ಪಿಕೊಂಡು, ಆ ಕೂಲಿ ಎಷ್ಟೆಂದು ಹೇಳುವ ಕಾಗದವನ್ನು ಮಾತ್ರ ದುನಿಯಾ ಎಂದು ಹೊರಗಿಡುವುದು ಯಾವ ನ್ಯಾಯ?

ಸೂರಃ ಅಲ್-ಖಸಸ್‌ನಲ್ಲಿ ಬರುವ ಮದ್ಯನ್‌ನ ವೃತ್ತಾಂತವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. ಊರು ಬಿಟ್ಟು ಬಂದ, ಕೈಯಲ್ಲಿ ಏನೂ ಇಲ್ಲದ ಯುವಕ ಮೂಸಾ(ಅ). ಕೆಲಸಕ್ಕೆ ಇಟ್ಟುಕೊಳ್ಳಲು ಬಯಸುವ ವೃದ್ಧ. ವಲಸೆ ಬಂದವನೊಡನೆ ಮಾಲೀಕ ಹೇಗೆ ಬೇಕಾದರೂ ಮಾತನಾಡಬಹುದಾದ ಸಂದರ್ಭವದು. ಆದರೆ ಅಲ್ಲಿ ಕೆಲಸದ ಅವಧಿ ಮೊದಲೇ ನಿಶ್ಚಯವಾಗುತ್ತದೆ: ಎಂಟು ವರ್ಷ. ಹತ್ತನ್ನು ಪೂರೈಸಿದರೆ ಅದು ಮೂಸಾರ(ಅ) ಇಚ್ಛೆ. ನಿನ್ನನ್ನು ಕಷ್ಟಕ್ಕೆ ಗುರಿಮಾಡುವ ಉದ್ದೇಶ ನನಗಿಲ್ಲವೆಂದು ಆ ವೃದ್ಧ ತಾನಾಗಿಯೇ ಹೇಳುತ್ತಾನೆ. ಎರಡು ಅವಧಿಗಳಲ್ಲಿ ಯಾವುದನ್ನು ಪೂರೈಸಿದರೂ ತನ್ನ ಮೇಲೆ ಅತಿಕ್ರಮಣವಾಗಬಾರದೆಂದು ಮೂಸಾ(ಅ) ತಮ್ಮ ಷರತ್ತನ್ನು ಸ್ಪಷ್ಟಪಡಿಸುತ್ತಾರೆ, ಅಲ್ಲಾಹನನ್ನು ಸಾಕ್ಷಿಯಾಗಿಸುತ್ತಾರೆ. ಹೆಚ್ಚುವರಿ ದುಡಿಮೆ ದುಡಿಯುವವನ ಆಯ್ಕೆ, ಮಾಲೀಕನದಲ್ಲ ಎಂಬುದು ಈ ಒಪ್ಪಂದದ ಜೀವ.

ಇದನ್ನು ನೆನಪಿನಲ್ಲಿಟ್ಟುಕೊಂಡು 2025ರ ಜೂನ್‌ನಲ್ಲಿ ಕಾರ್ಮಿಕ ಇಲಾಖೆ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳ ಮುಂದಿಟ್ಟ ಪ್ರಸ್ತಾವವನ್ನು ನೋಡಿರಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನದ ದುಡಿಮೆಯನ್ನು 9 ಗಂಟೆಗೆ, ಓವರ್‌ಟೈಮ್ ಸೇರಿ 10 ಗಂಟೆಗೆ ಮಿತಿಗೊಳಿಸಿದೆ. ಅದನ್ನು 10 ಗಂಟೆಗೆ, ಓವರ್‌ಟೈಮ್ ಸೇರಿ 12 ಗಂಟೆಗೆ ಏರಿಸುವುದು, ಮೂರು ತಿಂಗಳಿಗೆ 50 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು 144 ಗಂಟೆಗೆ ಒಯ್ಯುವುದು ಪ್ರಸ್ತಾವದ ತಿರುಳು. ಐಟಿ ನೌಕರರ ಸಂಘ ಇದನ್ನು ಬಲವಾಗಿ ವಿರೋಧಿಸಿತು, ಆದ್ದರಿಂದ ಇದು ಐಟಿಯವರ ವಿಷಯವೆಂದೇ ಜನರು ತಿಳಿದರು. ಆ ಕಾಯ್ದೆಯ ಹೆಸರಿನಲ್ಲೇ ಅಂಗಡಿ ಎಂಬ ಪದವಿದೆ. ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಯೂ ಮೊಬೈಲ್ ಅಂಗಡಿಯ ಹುಡುಗನೂ ಅದರೊಳಗೆ ಬರುತ್ತಾರೆ. ಒಪ್ಪಿದವರಿಗೆ ಮಾತ್ರ ಹೆಚ್ಚಿನ ದುಡಿಮೆ ಎಂದು ಕಾಗದದಲ್ಲಿ ಬರೆಯಬಹುದು. ನಾಳೆಯಿಂದ ಬರಬೇಡ ಎಂಬ ಒಂದೇ ಮಾತಿಗೆ ಕೆಲಸ ಹೋಗುವ ಸಣ್ಣ ಊರಿನಲ್ಲಿ ಒಪ್ಪಿಗೆಗೆ ಎಷ್ಟು ಬೆಲೆ? ಆಕ್ಷೇಪಣೆಯಲ್ಲಿ ಬರೆಯಬೇಕಾದದ್ದು ಇದನ್ನೇ, ಮತ್ತು ಇದನ್ನು ಬರೆಯಬಲ್ಲವನು ಅಂಗಡಿಯಲ್ಲಿ ನಿಲ್ಲುವವನೇ ಹೊರತು ಬೆಂಗಳೂರಿನ ತಜ್ಞನಲ್ಲ.

ಬರೆದರೆ ಏನಾಗುತ್ತದೆ, ಸರ್ಕಾರ ಮಾಡುವುದನ್ನೇ ಮಾಡುತ್ತದೆ ಎಂಬ ಇನ್ನೊಂದು ಮಾತಿದೆ. ಇದು ತವಕ್ಕುಲ್ ಅಲ್ಲ, ಸೋಮಾರಿತನ. 2020ರ ಮೇ 22ರಂದು, ಕೊರೋನಾ ಕಾಲದಲ್ಲಿ, ರಾಜ್ಯ ಸರ್ಕಾರವು ಕಾರ್ಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಲು ಅನುಮತಿಸುವ ಅಧಿಸೂಚನೆ ಹೊರಡಿಸಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಜೂನ್ 11ರಂದು ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಮೂರು ವಾರವೂ ಪೂರ್ತಿ ಉಳಿಯಲಿಲ್ಲ. ಗುಜರಾತಿನ ಅಂಥದೇ ಅಧಿಸೂಚನೆಯನ್ನು ಅದೇ ವರ್ಷ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಎರಡೂ ಕಡೆ ಯಾರೋ ಕೆಲವರು ಕಾಗದ ಹಿಡಿದು ಹೋಗಿದ್ದರಿಂದಲೇ ಅದು ಸಾಧ್ಯವಾಯಿತು. ಎಲ್ಲ ಆಕ್ಷೇಪಣೆಗಳೂ ಗೆಲ್ಲುವುದಿಲ್ಲ, ನಿಜ. 2023ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ವಿರೋಧದ ನಡುವೆಯೂ ಅಂಗೀಕಾರವಾಯಿತು. ಅದರಿಂದ ಬರೆಯುವುದು ವ್ಯರ್ಥವೆಂದಾಗುವುದಿಲ್ಲ. ಆಕ್ಷೇಪಣೆಯೇ ದಾಖಲಾಗದಿದ್ದರೆ ನಾಳೆ ನ್ಯಾಯಾಲಯದಲ್ಲಿ, ಯಾರೂ ವಿರೋಧಿಸಲಿಲ್ಲ ಎಂಬ ಮಾತು ಸುಲಭವಾಗಿ ಹೊರಡುತ್ತದೆ.

ಸರ್ಕಾರದ ಕಡೆಗೂ ನಮ್ಮ ಮಾತಿದೆ, ಅದನ್ನು ಮೃದುಗೊಳಿಸಬೇಕಾಗಿಲ್ಲ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕರಡು ಮಸೂದೆಯನ್ನು 2024ರ ಜೂನ್ 29ರಂದು ಪ್ರಕಟಿಸಿ ಜುಲೈ 9ರೊಳಗೆ ಅಭಿಪ್ರಾಯ ತಿಳಿಸಲು ಹೇಳಲಾಯಿತು. ಹತ್ತೇ ದಿನ. ಮಸೂದೆಯ ಉದ್ದೇಶ ಒಳ್ಳೆಯದೇ, ಮುಂದೆ ಅದು ಕಾಯ್ದೆಯೂ ಆಯಿತು. ಆದರೆ ಮಂಡ್ಯ ಜಿಲ್ಲೆಯಿಂದ ಹೋಗಿ ಬೆಂಗಳೂರಿನ ಬೀದಿಗಳಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹಂಚುವ ಹುಡುಗನು ಹತ್ತು ದಿನಗಳಲ್ಲಿ ಆ ಕರಡನ್ನು ಹುಡುಕಿ, ಓದಿ, ಅರ್ಥಮಾಡಿಕೊಂಡು ಉತ್ತರ ಬರೆಯಬೇಕಿತ್ತೇ? ಭಾಷೆಯ ಮಾತಂತೂ ಹೇಳತೀರದು. ಅನುಸೂಚಿತ ಉದ್ದಿಮೆ, ಅರೆಕುಶಲ, ವ್ಯತ್ಯಸ್ತ ತುಟ್ಟಿಭತ್ಯೆ: ಕನ್ನಡದಲ್ಲಿ ಪದವಿ ಪಡೆದ ನಮಗೇ ಕೆಲವು ವಾಕ್ಯಗಳ ಕರ್ತೃ ಎಲ್ಲಿ, ಕ್ರಿಯಾಪದ ಎಲ್ಲಿ ಎಂದು ಎರಡು ಬಾರಿ ಹುಡುಕಬೇಕಾಗುತ್ತದೆ. ಹೆಲ್ಪರ್, ಮೇಸ್ತ್ರಿ ಎಂಬ ಎರಡೇ ದರ್ಜೆಗಳನ್ನು ಬಲ್ಲವನಿಗೆ ತಾನು ಯಾವ ದರ್ಜೆಗೆ ಸೇರಿದವನೆಂದು ಯಾರು ಹೇಳಬೇಕು?

ಖಲೀಫಾ ಉಮರ್(ರ) ಮಹ್ರ್‌ಗೆ ಮಿತಿ ಹಾಕುವ ವಿಚಾರವನ್ನು ಮಿಂಬರ್‌ನಿಂದ ಪ್ರಕಟಿಸಿದಾಗ ಮಹಿಳೆಯೊಬ್ಬರು ಎದ್ದು ಖುರ್‌ಆನಿನ ಆಧಾರದಿಂದ ಆಕ್ಷೇಪಿಸಿದರೆಂದೂ ಖಲೀಫರು ತಮ್ಮ ಮಾತನ್ನು ಹಿಂತೆಗೆದುಕೊಂಡರೆಂದೂ ತಫ್ಸೀರ್ ಗ್ರಂಥಗಳು ಹೇಳುತ್ತವೆ. (ಈ ವರದಿಯ ಸನದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಅದನ್ನು ನಾವು ಬಲ್ಲೆವು.) ಖಲೀಫರ ವಿನಯವನ್ನು ಹೊಗಳಲು ಇದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಗಮನವಿರುವುದು ಬೇರೆ ಕಡೆ. ಆ ಪ್ರಕಟಣೆ ನಡೆದದ್ದು ಬಾಧಿತರಾಗುವವರು ಕುಳಿತಿದ್ದ ಜಾಗದಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ. ಆ ಮಹಿಳೆ ಯಾವ ಕಚೇರಿಯ ವಿಳಾಸವನ್ನೂ ಹುಡುಕಬೇಕಾಗಿರಲಿಲ್ಲ.

ಇಂದು ಸರ್ಕಾರ ಆ ಕೆಲಸ ಮಾಡುತ್ತಿಲ್ಲ. ಮಾಡಬಲ್ಲ ಜಾಗವೊಂದು ಪ್ರತಿ ಊರಿನಲ್ಲಿದೆ, ವಾರಕ್ಕೊಮ್ಮೆ ಅಲ್ಲಿ ಜನ ತಾವಾಗಿಯೇ ಸೇರುತ್ತಾರೆ. ಜುಮಾ ನಮಾಝ್ ಮುಗಿದ ಮೇಲೆ ಚಂದಾದ ಲೆಕ್ಕ ಓದುತ್ತೇವೆ, ಕಳೆದುಹೋದ ಪರ್ಸಿನ ವಿಷಯ ಹೇಳುತ್ತೇವೆ, ಜನಾಝಾದ ವೇಳೆ ತಿಳಿಸುತ್ತೇವೆ. ಕನಿಷ್ಠ ವೇತನದ ಕರಡನ್ನು ಐದು ನಿಮಿಷ ಓದಿ ಹೇಳಲು ಅಡ್ಡಿಯೇನು? ಅಡ್ಡಿ ಏನೆಂದು ನಮಗೆ ತಿಳಿದಿದೆ. ಮೊದಲ ಸಾಲಿನಲ್ಲಿ ಕುಳಿತವರಲ್ಲಿ ಹೋಟೆಲಿನ ಮಾಲೀಕರಿದ್ದಾರೆ, ಮಂಡಿಯ ಯಜಮಾನರಿದ್ದಾರೆ, ಗುತ್ತಿಗೆದಾರರಿದ್ದಾರೆ. ಹಿಂದಿನ ಸಾಲಿನಲ್ಲಿ ಅವರ ಕೆಲಸಗಾರರು. ಕಮಿಟಿಯಲ್ಲಿರುವವರು ಮೊದಲ ಸಾಲಿನವರು. ಅಳೆದು ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರ ವಿನಾಶವನ್ನು ಸಾರುವ ಸೂರಃ ಅಲ್-ಮುತಫ್ಫಿಫೀನನ್ನು ನಾವು ತಕ್ಕಡಿ ಹಿಡಿದ ತರಕಾರಿಯವನಿಗೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಹನ್ನೆರಡು ಗಂಟೆ ಪಡೆದು ಎಂಟು ಗಂಟೆಯ ಕೂಲಿ ಕೊಡುವವನ ಕೈಯಲ್ಲೂ ತಕ್ಕಡಿಯಿದೆ.

ಇಮಾಮರ ಬಾಯಿ ಕಟ್ಟಿರುವುದಕ್ಕೆ ಇನ್ನೂ ಒಂದು ಕಾರಣವುಂಟು. ವಕ್ಫ್ ಮಸೀದಿಗಳ ಇಮಾಮರಿಗೆ ಸಂಭಾವನೆಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತು. ಇಂದಿಗೂ ಎಷ್ಟೋ ಊರುಗಳಲ್ಲಿ ಇಮಾಮ್, ಮುಅಝ್ಝಿನ್, ಮಕ್ತಬ್‌ನ ಉಸ್ತಾದ್ ಪಡೆಯುವ ಮೊತ್ತವನ್ನು ಆ 19,319ರ ಪಕ್ಕದಲ್ಲಿಟ್ಟು ನೋಡಲು ಕಮಿಟಿಗೆ ಮುಜುಗರವಾಗುತ್ತದೆ. ಮುಜುಗರವಾಗಲಿ. ಇದರಲ್ಲಿ ನಮ್ಮಂಥ ಶಿಕ್ಷಕರ ಸ್ವಾರ್ಥವಿದೆಯೆಂದು ಯಾರಾದರೂ ಹೇಳಿದರೆ ನಾವು ಅಲ್ಲಗಳೆಯುವುದಿಲ್ಲ.

ಸಣ್ಣ ಮಾಲೀಕನ ಕಷ್ಟ ಸುಳ್ಳಲ್ಲ. ನಾಲ್ಕು ಮೇಜಿನ ಹೋಟೆಲ್ ನಡೆಸುವವನು ತಾನೂ ಬೆಂಕಿಯ ಮುಂದೆಯೇ ನಿಂತಿರುತ್ತಾನೆ. ಅವನೂ ಬರೆಯಲಿ, ತನ್ನ ಲೆಕ್ಕ ಮುಂದಿಡಲಿ. ಆದರೆ ಕನಿಷ್ಠ ವೇತನವನ್ನು ಯಾರೋ ಮನಸ್ಸಿಗೆ ಬಂದಂತೆ ಬರೆದ ಸಂಖ್ಯೆಯೆಂದು ಹೇಳುವುದು ಸರಿಯಲ್ಲ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಒಂದು ಕುಟುಂಬದ ಆಹಾರ, ಬಟ್ಟೆ, ಬಾಡಿಗೆ, ಉರುವಲುಗಳನ್ನು ಎಣಿಸಿ ಇದಕ್ಕೊಂದು ಅಳತೆ ಕೊಟ್ಟಿತು. ಮಕ್ಕಳ ವಿದ್ಯೆ, ಔಷಧ, ಮದುವೆ, ಮುಪ್ಪಿನ ಖರ್ಚುಗಳಿಗಾಗಿ ಇನ್ನೂ ಶೇ. 25 ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರ ರೆಪ್ಟಕಾಸ್ ಬ್ರೆಟ್ ತೀರ್ಪಿನಲ್ಲಿ ಹೇಳಿತು. ಈ ಅಳತೆಗೆ ಸಿಗದ ಕೂಲಿಯೆಂದರೆ ಮಗುವಿನ ಶಾಲೆಯನ್ನೋ ಮುದುಕಿಯ ಮಾತ್ರೆಯನ್ನೋ ಕಡಿತ ಮಾಡಿ ಉಳಿಸಿದ ಹಣ.

ಆಕ್ಷೇಪಣೆ ಬರೆಯುವುದು ಕಠಿಣ ವಿದ್ಯೆಯೇನಲ್ಲ. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಬರೆಯುವವರ ಹೆಸರು, ಊರು, ಕೆಲಸ, ಯಾವ ಅಂಶಕ್ಕೆ ಆಕ್ಷೇಪ, ಏಕೆ. ಸರ್ಕಾರ ಎಚ್ಚೆತ್ತುಕೊಳ್ಳಲಿ ಎಂಬಂಥ ದೊಡ್ಡ ಮಾತುಗಳಿಂದ ಕಡತಕ್ಕೆ ಏನೂ ಸೇರುವುದಿಲ್ಲ, ಲೆಕ್ಕದಿಂದ ಸೇರುತ್ತದೆ. ಉದಾಹರಣೆಗೆ ವಲಯದ ಪ್ರಶ್ನೆ. ನಮ್ಮಂಥ ತಾಲ್ಲೂಕುಗಳು ಸಾಮಾನ್ಯವಾಗಿ ಬೀಳುವುದು ಕೊನೆಯ ವಲಯಕ್ಕೆ. ಆ ಕರಡಿನಲ್ಲಿ ಮೊದಲನೆಯ ಮತ್ತು ಮೂರನೆಯ ವಲಯಗಳ ನಡುವೆ ತಿಂಗಳಿಗೆ 4,057 ರೂಪಾಯಿಯ ಅಂತರವಿತ್ತು. ಮನೆ ಬಾಡಿಗೆ ಇಲ್ಲಿ ಕಡಿಮೆ ಎಂಬುದನ್ನು ಒಪ್ಪೋಣ. ಅಡುಗೆ ಅನಿಲದ ಸಿಲಿಂಡರಿಗೆ ಬೂಕನಕೆರೆಯೆಂದು ರಿಯಾಯಿತಿಯಿದೆಯೇ? ಎಣ್ಣೆ, ಬೇಳೆ, ಮಾತ್ರೆಗಳಿಗೆ? ದೊಡ್ಡ ಆಸ್ಪತ್ರೆ ಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗುವ ಬಸ್ಸಿನ ಖರ್ಚು ನಮಗೆ ಹೆಚ್ಚೇ. ಒಂದು ಮನೆಯ ಒಂದು ತಿಂಗಳ ಖರ್ಚನ್ನು ಹೀಗೆ ಸಾಲಾಗಿ ಬರೆದು ಕಳುಹಿಸಿದರೆ ಅದನ್ನು ಅಲ್ಲಗಳೆಯಲು ಅಧಿಕಾರಿಗೂ ಲೆಕ್ಕವೇ ಬೇಕಾಗುತ್ತದೆ.

2025ರ ನವೆಂಬರ್ 21ರಿಂದ ಹಳೆಯ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಬಂದಿದೆ. ವೇತನ ನಿಗದಿಯ ಪ್ರಸ್ತಾವವನ್ನು ಪ್ರಕಟಿಸಿದಾಗ ಕನಿಷ್ಠ ಎರಡು ತಿಂಗಳ ಅವಕಾಶ ಕೊಡಬೇಕೆಂಬ ನಿಯಮ ಅದರ 8ನೆಯ ಕಲಮಿನಲ್ಲೂ ಉಳಿದಿದೆ. ಎರಡು ತಿಂಗಳೆಂದರೆ ಎಂಟು ಜುಮಾಗಳು. ಮೊದಲನೆಯದರಲ್ಲಿ ಓದಿ ಹೇಳಲಿ. ಆ ವಾರವೇ ಇಶಾ ನಮಾಝಿನ ನಂತರ ಓದುಬರಹ ಬಲ್ಲ ನಾಲ್ಕು ಹುಡುಗರು ಕುಳಿತು, ಬಂದವರ ಮಾತು ಕೇಳಿ ಬರೆದುಕೊಡಲಿ. ಬರುವವರಲ್ಲಿ ಗೌಡರ ಆಲೆಮನೆಯಲ್ಲಿ ದುಡಿಯುವ ದಲಿತ ಸಹೋದರನಿದ್ದರೆ, ಉತ್ತರ ಭಾರತದಿಂದ ಬಂದ ಕೂಲಿಯವನಿದ್ದರೆ ಅವರ ಪತ್ರವನ್ನೂ ಬರೆಯಲಿ. ಹೆಂಗಸರ ಮಾತನ್ನು ಮನೆಯಲ್ಲಿ ಹೆಂಗಸರೇ ಬರೆದುಕೊಳ್ಳಲಿ. ಗಡುವಿಗೆ ಎರಡು ವಾರ ಮೊದಲೇ ಸ್ಪೀಡ್ ಪೋಸ್ಟ್ ಮಾಡಿ, ಪ್ರತಿಯೊಂದರ ನಕಲನ್ನೂ ರಸೀದಿಯನ್ನೂ ಜಮಾಅತ್‌ನ ಕಡತದಲ್ಲಿ, ಚಂದಾ ಪುಸ್ತಕದ ಪಕ್ಕದಲ್ಲಿಯೇ ಇಡಲಿ. ಅಂಚೆಯ ಖರ್ಚನ್ನು ಮೊದಲ ಸಾಲಿನವರೇ ಕೊಡಲಿ.