ಲೋಟ ಬೇರೆ ಇಟ್ಟವರು ಯಾರು?

ನಮ್ಮ ಕೇರಿಯ ಗೌಂಡಿ ಅಣ್ಣನಿಗೆ ಎರಡು ವರ್ಷ ಜ್ವರ ಬಂದು ಬಂದು ಹೋಯಿತು. ಆರೆಂಪಿ ಡಾಕ್ಟರು ಸೂಜಿ ಚುಚ್ಚಿದರು, ಸಲಾಯಿನ್ ಏರಿಸಿದರು, ಕೂಲಿ ದುಡ್ಡು ಎಣಿಸಿಕೊಂಡರು. ಬಾಯೊಳಗೆ ಬಿಳಿ ಪದರ ಕಟ್ಟಿತು. ಮೈ ಕಡ್ಡಿಯಾಯಿತು. ಎಚ್‌ಐವಿ ಪರೀಕ್ಷೆ ಮಾಡಿಸು ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಕ್ಷಯ ಹಿಡಿದು ದೊಡ್ಡಾಸ್ಪತ್ರೆಗೆ ಹೊತ್ತು ಒಯ್ದ ದಿನವೇ ಗೊತ್ತಾದದ್ದು.

"ಮೊದಲೇ ಯಾಕೆ ಬರಲಿಲ್ಲ?" ಅಂತ ಅಲ್ಲಿ ಗದರಿಸಿದರು. ಎರಡು ವರ್ಷ ಅವನು ಡಾಕ್ಟರ ಬಾಗಿಲಲ್ಲೇ ಇದ್ದನಲ್ಲ ಸ್ವಾಮಿ! ಬಡವನ ರಕ್ತ ಪರೀಕ್ಷಿಸಲು ಅದು ಸಾಯುವ ಗಳಿಗೆಯನ್ನೇ ಕಾಯಬೇಕೇನು?

ಗೆಳೆಯರೇ, ನಮ್ಮ ರಕ್ತದಲ್ಲಿ ಸಿಡಿ4 ಎಂಬ ಕಾವಲು ಕಣಗಳಿವೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸಾಮಾನ್ಯವಾಗಿ 500ಕ್ಕೂ ಹೆಚ್ಚು. ಎಚ್‌ಐವಿ ವರ್ಷಗಟ್ಟಲೆ ಸದ್ದಿಲ್ಲದೆ ಈ ಕಾವಲುಗಾರರನ್ನೇ ಮುಗಿಸುತ್ತದೆ. ಲೆಕ್ಕ 200ಕ್ಕಿಂತ ಕೆಳಗಿಳಿದರೆ ಕ್ಷಯ, ಮಿದುಳ ಪೊರೆಯ ಸೋಂಕು ಎಲ್ಲಕ್ಕೂ ಬಾಗಿಲು ತೆರೆದಂತೆ. ಆಮೇಲೆ ಮಾತ್ರೆ ನುಂಗಿದರೂ ಕಾವಲು ಮೊದಲಿನಂತೆ ತುಂಬುವುದು ಕಷ್ಟ. ಬೇಗ ಶುರು ಮಾಡಿ ತಪ್ಪದೆ ನುಂಗುವವರು ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬಾಳುತ್ತಾರೆ.

ಮಾತ್ರೆ ಇಲ್ಲವೇ? ಇದೆ. 2004ರಿಂದ ಸರ್ಕಾರ ಪುಕ್ಕಟೆ ಕೊಡುತ್ತಿದೆ. ಸಿಡಿ4 ಎಷ್ಟೇ ಇರಲಿ, ಸೋಂಕು ಕಂಡ ಕೂಡಲೇ ಕೊಡಬೇಕು ಅನ್ನುವುದು 2017ರಿಂದ ಬಂದ ನೀತಿ. ಪರೀಕ್ಷೆಯೂ ಪುಕ್ಕಟೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟು ಬಿಡಬಾರದು, ಕೆಲಸದಿಂದ ಶಾಲೆಯಿಂದ ತಳ್ಳಬಾರದು ಎಂಬ 2017ರ ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿದೆ.

ಮತ್ತೆ ತಡ ಯಾಕೆ? "ಅದು ಅಂಥವರಿಗೆ ಬರೋ ರೋಗ" ಅಂತಾರಲ್ಲ, ಅದಕ್ಕೆ. ಯಾರ್ರೀ ಅಂಥವರು? ದೇವರ ಹೆಸರಲ್ಲಿ ಮುತ್ತು ಕಟ್ಟಿ ನಮ್ಮ ಅಕ್ಕಂದಿರನ್ನು ಬಳಸಿಕೊಂಡವರು ಅಂಥವರಲ್ಲ, ಮರ್ಯಾದಸ್ಥರು! 1982ರ ಕಾಯ್ದೆ ಆ ಪದ್ಧತಿಗೆ ನಿಷೇಧ ಹಾಕಿತು. ಹಣೆಪಟ್ಟಿ ಮಾತ್ರ ಇವತ್ತಿಗೂ ಅಕ್ಕಂದಿರ ಹಣೆಗೇ.

ಊರನ್ನು ಬೈದು ಕೈ ತೊಳೆದುಕೊಳ್ಳಲು ನಮಗೆ ಹಕ್ಕಿಲ್ಲ. ಹೋಟೆಲಿನ ಬೇರೆ ಲೋಟದ ವಿರುದ್ಧ ಘೋಷಣೆ ಕೂಗಿದವರು ನಾವು. ಅದೇ ನಾವು ಅಣ್ಣನಿಗೆ ಲೋಟ ಬೇರೆ ಇಟ್ಟೆವು, ತಟ್ಟೆ ಬೇರೆ ಇಟ್ಟೆವು. ಒಂದೇ ಲೋಟದ ನೀರಿನಿಂದ ಈ ವೈರಸ್ ಹರಡದು ಅಂತ ಡಿಗ್ರಿ ಓದಿದ ನಮಗೆ ಗೊತ್ತಿತ್ತು. ಸುಮ್ಮನಿದ್ದೆವು. ಅಣ್ಣ ಕೇಳಿದ: "ತಮ್ಮಾ, ಕೇರಿಯೊಳಗ ನನಗೊಂದು ಬ್ಯಾರೆ ಕೇರಿ ಮಾಡಿದ್ರೇನೋ?"

ಆ ಲೋಟ ಕಂಡವನು ತನಗೆ ಜ್ವರ ಬಂದರೆ ಪರೀಕ್ಷೆಗೆ ಹೋದಾನೇ? ತಡಕ್ಕೆ ನಾವೂ ಕಾರಣರು.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಬಿಡದ ಜ್ವರ, ಕೆಮ್ಮು, ಕರಗುವ ಮೈ ಕಂಡರೆ ನಡತೆ ಕೇಳಬೇಡಿ. ಜೊತೆಗೆ ನಡೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲು ನಮ್ಮ ತೋಳನ್ನೇ ಚಾಚೋಣ. ಸಂಘದ ಮುಂದಿನ ಸಭೆಯಲ್ಲಿ ಅಣ್ಣನೂ ನಮ್ಮ ಪಕ್ಕ ಕೂರಲಿ. ಚಹಾ ಒಂದೇ ಥರದ ಲೋಟದಲ್ಲಿ ಬರಲಿ.