ಸೈನಿಕ ಶಾಲೆ ಶಿಕ್ಷೆಯ ಜಾಗವಲ್ಲ

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಹುಡುಗ ಹೇಳಿದ ಮಾತು ಕೇಳದಿದ್ದರೆ, "ಇವನನ್ನು ಮಿಲಿಟರಿ ಶಾಲೆಗೆ ಹಾಕಿಬಿಡಿ, ತಾನಾಗಿ ದಾರಿಗೆ ಬರುತ್ತಾನೆ" ಎನ್ನುವವರಿದ್ದಾರೆ. ಅಂಗಡಿಯಲ್ಲಿ ಕುಳಿತು ನಾವು ಈ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ. ಇದು ಎಷ್ಟು ಸರಿ ಎಂದು ತಂದೆತಾಯಂದಿರು ಯೋಚಿಸಬೇಕಾಗಿದೆ.

ಸೈನಿಕ ಶಾಲೆಗಳು ಹುಟ್ಟಿದ್ದು ತುಂಟರನ್ನು ತಿದ್ದಲಿಕ್ಕಲ್ಲ. ಸೈನ್ಯದ ಅಧಿಕಾರಿಗಳ ಹುದ್ದೆ ಕೆಲವೇ ಪ್ರಾಂತಗಳ, ಕೆಲವೇ ದೊಡ್ಡ ಮನೆತನಗಳ ಪಾಲಾಗಬಾರದು, ಸಾಮಾನ್ಯರ ಮಕ್ಕಳೂ ಅಲ್ಲಿಗೆ ತಲುಪಬೇಕು ಎಂದು 1961ರಲ್ಲಿ, ಕೃಷ್ಣ ಮೆನನ್ ರಕ್ಷಣಾ ಮಂತ್ರಿಗಳಾಗಿದ್ದಾಗ, ಈ ಯೋಜನೆ ಆರಂಭವಾಯಿತು. ಆಂಧ್ರದ ಕೋರುಕೊಂಡದಲ್ಲಿ 1962ರಲ್ಲಿ, ಬಿಜಾಪುರದಲ್ಲಿ 1963ರಲ್ಲಿ, ಕೊಡಗಿನಲ್ಲಿ 2007ರಲ್ಲಿ ಶಾಲೆಗಳಾದವು. ನಮಗೆ ಹತ್ತಿರದ್ದು ಮದನಪಲ್ಲಿಯ ಆಚೆ ಕಲಿಕಿರಿಯಲ್ಲಿ 2014ರಲ್ಲಿ ಆರಂಭವಾದದ್ದು.

ಅಲ್ಲಿ ಬೆಳಕು ಹರಿಯುವ ಹೊತ್ತಿಗೆ ಮಕ್ಕಳು ಮೈದಾನದಲ್ಲಿರುತ್ತಾರೆ. ಹಾಸಿಗೆ ಸರಿಮಾಡುವುದು, ಬೂಟಿಗೆ ಪಾಲಿಷ್ ಹಾಕುವುದು ಅವರವರದೇ ಕೆಲಸ. ವ್ಯಾಯಾಮ, ಪಾಠ, ಆಟ, ರಾತ್ರಿಯ ಓದು ಎಲ್ಲವೂ ಗಂಟೆಗೆ ಸರಿಯಾಗಿ. ಮಕ್ಕಳನ್ನು ಹೌಸ್‌ಗಳಾಗಿ ವಿಂಗಡಿಸುತ್ತಾರೆ. ಬಿಜಾಪುರದಲ್ಲಿ ಅವಕ್ಕೆ ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ ಮುಂತಾದ ಹೆಸರುಗಳು. ಒಬ್ಬ ಓಟದಲ್ಲಿ ಗೆದ್ದರೆ ಅಂಕ ಅವನ ಹೌಸ್‌ಗೆ ಸೇರುತ್ತದೆ. ಸಾಹುಕಾರನ ಮಗನಿಗೂ ಗುಮಾಸ್ತನ ಮಗನಿಗೂ ಒಂದೇ ಸಮವಸ್ತ್ರ, ಒಂದೇ ಪಂಕ್ತಿ. ಮನೆಯಲ್ಲಿ ಕುಡಿದ ನೀರಿನ ಲೋಟವನ್ನೂ ಎತ್ತಿಡದ ನಮ್ಮ ಮಕ್ಕಳಿಗೆ ಇದೇ ದೊಡ್ಡ ವಿದ್ಯೆ.

ಮುಂದೆ ಖಡಕವಾಸಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ವರ್ಷ ಕಲಿತು, ಭೂಸೇನೆಗೆ ಹೋಗುವವರು ಡೆಹರಾಡೂನಿನಲ್ಲಿ ಇನ್ನೊಂದು ವರ್ಷ ಕಳೆಯುತ್ತಾರೆ. ಕೊನೆಯ ಕವಾಯತಿನಲ್ಲಿ ಅವರು ನಿಧಾನ ನಡಿಗೆಯಿಂದ ದಾಟುವ ಹೆಜ್ಜೆಗೆ 'ಅಂತಿಮ ಪಗ್' ಎಂದು ಹೆಸರು. ಆಮೇಲೆ ಹೆಗಲ ಮೇಲಿನ ನಕ್ಷತ್ರಗಳನ್ನು ತೆರೆದು ತೋರಿಸುವವರು ಹೆತ್ತವರೇ. ದೂರ ಕಳಿಸಿದ ಮಗನನ್ನು ದೇಶಕ್ಕೆ ಒಪ್ಪಿಸುವ ಕೈಯೂ ತಾಯಿಯದೇ ಆಗಿರಬೇಕೆಂಬುದು ಒಳ್ಳೆಯ ಸಂಪ್ರದಾಯವೆಂದು ನಮಗೆ ತೋರುತ್ತದೆ.

ಅಹಿಂಸೆಯನ್ನು ನಂಬಿದ ನಮ್ಮ ಮಕ್ಕಳಿಗೆ ಇದು ತಕ್ಕದ್ದೇ ಎಂದು ಹಿರಿಯರು ಕೇಳುತ್ತಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದವನು. ತಾನಾಗಿ ಕೇಡು ಬಯಸುವುದು ಬೇರೆ, ಮೇಲೆ ಬಿದ್ದವರಿಂದ ನಾಡನ್ನು ಕಾಯುವುದು ಗೃಹಸ್ಥನಿಗೆ ಬೇರೆ. ಆದರೆ ಹೊತ್ತು ಮುಳುಗುವ ಮೊದಲೇ ಉಣ್ಣುವ ನಿಯಮ ಅಲ್ಲಿಯ ವೇಳೆಗೆ ಹೊಂದುವುದು ಕಷ್ಟ. ಊಟದ ವ್ಯವಸ್ಥೆಯನ್ನು ಮೊದಲೇ ವಿಚಾರಿಸಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಈಗ ವ್ಯವಹಾರದ ಮಾತು. ಆರನೇ ತರಗತಿಗೆ 10ರಿಂದ 12 ವರ್ಷದವರು, ಒಂಬತ್ತನೆಯದಕ್ಕೆ 13ರಿಂದ 15 ವರ್ಷದವರು ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. ಆರನೆಯದಕ್ಕೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಬಹುದು. ಮುಂದಿನ ಪಾಠವೆಲ್ಲ ಇಂಗ್ಲಿಷ್. ನಮ್ಮ ಮನೆಮಾತು ಕನ್ನಡವಾದರೂ ವಾಸ ಆಂಧ್ರವಾದ್ದರಿಂದ, ಆಯಾ ರಾಜ್ಯದ ಮಕ್ಕಳಿಗೆ ಮೀಸಲಾದ ನೂರಕ್ಕೆ 67 ಸ್ಥಾನಗಳ ಲಾಭ ನಮಗೆ ಸಿಗುವುದು ಕಲಿಕಿರಿ, ಕೋರುಕೊಂಡಗಳಲ್ಲಿ. ಬಿಜಾಪುರ, ಕೊಡಗುಗಳಲ್ಲಿ ನಾವು ಹೊರರಾಜ್ಯದವರು. ಶಿಕ್ಷಣ ಪುಕ್ಕಟೆಯಲ್ಲ, ವರ್ಷಕ್ಕೆ ಲಕ್ಷ ರೂಪಾಯಿ ಮೀರುತ್ತದೆ. ಕಡಿಮೆ ಆದಾಯದವರಿಗೆ ವಿದ್ಯಾರ್ಥಿವೇತನವುಂಟು. ಅಲ್ಲಿ ಓದಿದವರೆಲ್ಲ ಸೈನ್ಯ ಸೇರಲೇಬೇಕೆಂಬ ಕಟ್ಟಳೆಯಿಲ್ಲ.

ಹೆಣ್ಣುಮಕ್ಕಳಿಗೂ 2021-22ರಿಂದ ಎಲ್ಲ ಸೈನಿಕ ಶಾಲೆಗಳ ಬಾಗಿಲು ತೆರೆದಿದೆ. 2022ರಲ್ಲಿ ರಕ್ಷಣಾ ಅಕಾಡೆಮಿ ಸೇರಿದ ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಮಗಳು ಆಸೆಪಟ್ಟರೆ ಗದರಿಸಿ ಸುಮ್ಮನಾಗಿಸಬೇಡಿ.

ಇನ್ನು ಮಗನ ವಿಷಯ. ಅವನಿಗೆ ಇಷ್ಟವಿದ್ದರೆ, "ಅಂಗಡಿ ನೋಡಿಕೊಳ್ಳುವವರು ಯಾರು?" ಎಂದು ತಡೆಯಬೇಡಿ. ಇಷ್ಟವಿಲ್ಲದಿದ್ದರೆ ಶಿಸ್ತಿನ ಹೆಸರಿನಲ್ಲಿ ದೂಡಲೂ ಬೇಡಿ. ಶಿಕ್ಷೆಯೆಂದು ಹೋದ ಮಗು ರಜೆಯ ದಿನ ಎಣಿಸುತ್ತದೆ, ಆಸೆಯಿಂದ ಹೋದದ್ದು ಕಲಿಯುತ್ತದೆ. ಹತ್ತು ವರ್ಷದ ಮಗುವಿಗೂ ಒಂದು ಅಭಿಪ್ರಾಯವಿರುತ್ತದೆ. ಅರ್ಜಿ ತುಂಬುವ ಮುಂಚೆ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿರಿ.